ಬಹ್ರೇನ್ ಮತ್ತು ಕುವೈತ್‌ನ ತೈಲ ಗುತ್ತಿಗೆಗಳು: ಶೇಖರ ಸಹಿ, ಬ್ರಿಟಿಷ್ ಸರ್ಕಾರದ ಒಪ್ಪಿಗೆ

ಕಡತಪ್ರಿಯ (ಚರ್ಚೆ ಆರಂಭಿಸಿದವರು)

ಕೊಲ್ಲಿ ರಾಷ್ಟ್ರಗಳ ತೈಲದ ಇತಿಹಾಸವನ್ನು ಕನ್ನಡದಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಕಂಪನಿಗಳ ಪೈಪೋಟಿಯಿಂದ ಆರಂಭಿಸುತ್ತೇವೆ. ಅಮೆರಿಕದ ಕಂಪನಿ ಬಂತು, ಬ್ರಿಟಿಷ್ ಕಂಪನಿ ಎದುರು ನಿಂತಿತು, ಕೊನೆಗೆ ಇಬ್ಬರೂ ಹಂಚಿಕೊಂಡರು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಈ ಚರ್ಚೆಯಲ್ಲಿ ನಾನು ಎತ್ತಬಯಸುವ ಪ್ರಶ್ನೆ ಅದಕ್ಕಿಂತ ಹಿಂದಿನದು. ಬಹ್ರೇನ್ ಮತ್ತು ಕುವೈತ್ ಬ್ರಿಟಿಷ್ ವಸಾಹತುಗಳಾಗಿರಲಿಲ್ಲ. ಅಲ್ಲಿ ಆಳುತ್ತಿದ್ದವರು ಶೇಖರು, ಗುತ್ತಿಗೆಯ ಪತ್ರಕ್ಕೆ ಬೀಳುತ್ತಿದ್ದದ್ದು ಅವರ ಸಹಿ, ರಾಜಧನ ಸೇರುತ್ತಿದ್ದದ್ದು ಅವರ ಖಜಾನೆಗೆ. ಹೀಗಿದ್ದರೂ ಯಾವ ದೇಶದ ಕಂಪನಿ ಅಲ್ಲಿ ನೆಲ ಅಗೆಯಬೇಕು ಎಂಬುದನ್ನು ಲಂಡನ್ ಮತ್ತು ದೆಹಲಿಯ ಕಚೇರಿಗಳು ತೀರ್ಮಾನಿಸುತ್ತಿದ್ದವಲ್ಲ, ಅದು ಯಾವ ದಾರಿಯಿಂದ ಸಾಧ್ಯವಾಯಿತು?

ಉತ್ತರ ಕೆಲವೇ ಸಾಲುಗಳ ಪತ್ರಗಳಲ್ಲಿದೆ. ಬಹ್ರೇನ್‌ನ ಶೇಖ್ ಈಸಾ ಬಿನ್ ಅಲಿ 1880ರಲ್ಲಿಯೇ ಬ್ರಿಟಿಷರ ಒಪ್ಪಿಗೆಯಿಲ್ಲದೆ ಬೇರೆ ಯಾವ ಸರ್ಕಾರದೊಡನೆಯೂ ಒಪ್ಪಂದ ಮಾಡಿಕೊಳ್ಳುವುದಿಲ್ಲವೆಂದು ಬರೆದುಕೊಟ್ಟಿದ್ದರು. 1892ರಲ್ಲಿ ತಮ್ಮ ನೆಲದ ಯಾವ ಭಾಗವನ್ನೂ ಬ್ರಿಟಿಷ್ ಸರ್ಕಾರಕ್ಕಲ್ಲದೆ ಮತ್ತೊಬ್ಬರಿಗೆ ಮಾರುವುದಿಲ್ಲ, ಅಡವಿಡುವುದಿಲ್ಲ, ಬಿಟ್ಟುಕೊಡುವುದಿಲ್ಲ ಎಂದೂ ಸೇರಿಸಿದರು. ಕುವೈತ್‌ನ ಶೇಖ್ ಮುಬಾರಕ್ 1899ರ ಜನವರಿಯಲ್ಲಿ ಇಂಥದೇ ಒಪ್ಪಂದವನ್ನು ಗುಟ್ಟಾಗಿ ಮಾಡಿಕೊಂಡರು, ಅದಕ್ಕೆ ಪ್ರತಿಯಾಗಿ ಅವರಿಗೆ ಸಂದದ್ದು 15,000 ರೂಪಾಯಿ. ಆಗ ಯಾರ ಮನಸ್ಸಿನಲ್ಲಿಯೂ ತೈಲವಿರಲಿಲ್ಲ. ಫ್ರಾನ್ಸ್, ರಷ್ಯಾ, ಜರ್ಮನಿ, ಟರ್ಕಿಗಳನ್ನು ಭಾರತದ ದಾರಿಯಿಂದ ದೂರವಿಡುವುದಷ್ಟೇ ಉದ್ದೇಶವಾಗಿತ್ತು.

ತೈಲದ ಮಾತು ಬಂದದ್ದು ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲನ್ನು ಬಿಟ್ಟು ತೈಲದತ್ತ ತಿರುಗಿದ ಮೇಲೆ. 1913ರಲ್ಲಿ ಅಡ್ಮಿರಲ್ ಸ್ಲೇಡ್ ನೇತೃತ್ವದ ತಂಡವೊಂದು ಕೊಲ್ಲಿಗೆ ಬಂತು. ಅದೇ ಅಕ್ಟೋಬರ್‌ನಲ್ಲಿ ಶೇಖ್ ಮುಬಾರಕ್ ಅವರು ಪೊಲಿಟಿಕಲ್ ರೆಸಿಡೆಂಟ್ (ಕೊಲ್ಲಿಯಲ್ಲಿ ಬ್ರಿಟಿಷ್ ಸರ್ಕಾರದ ಮುಖ್ಯ ಪ್ರತಿನಿಧಿ) ಪರ್ಸಿ ಕಾಕ್ಸ್ ಅವರಿಗೆ ಬರೆದ ಪತ್ರದಲ್ಲಿ, ಬುರ್ಗಾನ್ ಮೊದಲಾದ ಕಡೆ ತೈಲವಿರುವ ಜಾಗಗಳನ್ನು ತೋರಿಸಲು ತಮ್ಮ ಅಭ್ಯಂತರವಿಲ್ಲವೆಂದೂ, ತೈಲ ಸಿಗುವಂತಿದ್ದರೆ ಬ್ರಿಟಿಷ್ ಸರ್ಕಾರ ನೇಮಿಸಿದವರಿಗಲ್ಲದೆ ಬೇರೆ ಯಾರಿಗೂ ಗುತ್ತಿಗೆ ಕೊಡುವುದಿಲ್ಲವೆಂದೂ ಒಪ್ಪಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಶೇಖ್ ಈಸಾ ಅವರಿಂದಲೂ ಪತ್ರ ಪಡೆಯಲಾಯಿತು. ಅದರ ಒಕ್ಕಣೆ ಇನ್ನೂ ಬಿಗಿ: ತಮ್ಮ ನೆಲದಲ್ಲಿ ಸೀಮೆಎಣ್ಣೆ ಸಿಗುವ ಸಂಭವವಿದ್ದರೆ ಅದನ್ನು ತಾವೂ ತೆಗೆಯುವುದಿಲ್ಲ, ಪೊಲಿಟಿಕಲ್ ಏಜೆಂಟರನ್ನು (ರೆಸಿಡೆಂಟರ ಕೈಕೆಳಗೆ ಸ್ಥಳದಲ್ಲೇ ಇದ್ದ ಅಧಿಕಾರಿ) ಕೇಳದೆ ಮತ್ತು ಸರ್ಕಾರದ ಅನುಮತಿ ಇಲ್ಲದೆ ಯಾರು ಬಂದು ಕೇಳಿದರೂ ಮಾತುಕತೆಗೆ ಕೂರುವುದಿಲ್ಲ.

ಈ ಕೊನೆಯ ಮಾತಿನ ಮೇಲೆ ನಾನು ಒತ್ತು ಕೊಡುತ್ತೇನೆ. ಗುತ್ತಿಗೆ ಕೊಡಬಾರದು ಎಂಬುದು ಒಂದು ನಿರ್ಬಂಧ. ಬಂದವರ ಮಾತನ್ನೇ ಕೇಳಬಾರದು ಎಂಬುದು ಅದಕ್ಕಿಂತ ಬಹಳ ಮುಂದೆ ಹೋದ ನಿರ್ಬಂಧ, ಏಕೆಂದರೆ ಮಾರುವವನಿಗೆ ಕೊಳ್ಳುವವರು ಎಷ್ಟು ಜನರಿದ್ದಾರೆ, ಯಾರು ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದೇ ಗೊತ್ತಾಗದಿದ್ದರೆ ಅವನ ಸಹಿ ಅವನ ಕೈಯಲ್ಲಿದ್ದೂ ಬೆಲೆ ಅವನ ಕೈಯಲ್ಲಿರುವುದಿಲ್ಲ. ಮುಂದಿನ ಮೂವತ್ತು ವರ್ಷಗಳಲ್ಲಿ ಕಂಪನಿಗಳ ರಾಷ್ಟ್ರೀಯತೆಯ ವಿಚಾರದಲ್ಲಿ ಬ್ರಿಟಿಷ್ ಸರ್ಕಾರ ಹಲವು ಬಾರಿ ಹಿಂದೆ ಸರಿಯಿತು. ಆದರೆ ಶೇಖರೊಡನೆ ಯಾರು, ಯಾರ ಮೂಲಕ ಮಾತನಾಡಬೇಕು ಎಂಬ ವಿಚಾರದಲ್ಲಿ ಅದು ಒಂದು ಹೆಜ್ಜೆಯನ್ನೂ ಸಡಿಲಿಸಲಿಲ್ಲ. ಸಾಮ್ರಾಜ್ಯದ ನಿಜವಾದ ಹಿಡಿತ ಇಲ್ಲಿತ್ತು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ರಾಯಚೂರಿನ ಓದುಗ

ಕಡತಪ್ರಿಯ ಅವರೇ, ವಿಷಯವನ್ನು ಚೆನ್ನಾಗಿ ಹಿಡಿದಿದ್ದೀರಿ. ಆದರೆ ಒಂದು ಆಕ್ಷೇಪವಿದೆ. ಒಪ್ಪಿಗೆಯ ಷರತ್ತನ್ನು ಬರಿಯ ದಬ್ಬಾಳಿಕೆಯೆಂದು ನೋಡುವುದು ಸರಿಯಲ್ಲ. ಗುತ್ತಿಗೆ ದಲ್ಲಾಳಿಗಳು ಸಣ್ಣ ರಾಜ್ಯಗಳನ್ನು ಹೇಗೆ ಮೋಸಗೊಳಿಸುತ್ತಿದ್ದರು ಎಂಬುದಕ್ಕೆ ನಮ್ಮ ಭಾಗದ ಉದಾಹರಣೆಯೇ ಇದೆ. 1886ರಲ್ಲಿ ನಿಜಾಮರ ಹೈದರಾಬಾದ್ ಸರ್ಕಾರ ವಾಟ್ಸನ್ ಮತ್ತು ಸ್ಟುವರ್ಟ್ ಎಂಬ ಇಬ್ಬರಿಗೆ ಗಣಿಗಾರಿಕೆಯ ಹಕ್ಕನ್ನು ಬರೆದುಕೊಟ್ಟಿತು. ಅವರು ಲಂಡನ್ನಿನಲ್ಲಿ ಹತ್ತು ಲಕ್ಷ ಪೌಂಡ್ ಬಂಡವಾಳದ ಹೈದರಾಬಾದ್ (ಡೆಕ್ಕನ್) ಕಂಪನಿಯನ್ನು ಹುಟ್ಟುಹಾಕಿ, ಒಂದು ಲಕ್ಷ ಷೇರುಗಳಲ್ಲಿ 85,000 ಷೇರುಗಳನ್ನು ಹಣ ಹೂಡದೆಯೇ ಪೂರ್ತಿ ಸಂದಾಯವಾದವೆಂದು ತಮ್ಮ ಕಡೆಗೆ ಬರೆದುಕೊಂಡರು. ನಿಜಾಮರ ಅಧಿಕಾರಿ ಅಬ್ದುಲ್ ಹಕ್ ಒಳಗೊಳಗೇ ಪಾಲುದಾರರಾಗಿ, ಆ ಷೇರುಗಳನ್ನೇ ನಿಜಾಮರ ಸರ್ಕಾರಕ್ಕೆ ಮೇಲ್ಬೆಲೆಗೆ ಕೊಳ್ಳಿಸಿದರು. ಗದ್ದಲ ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ 1888ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯ ಆಯ್ಕೆ ಸಮಿತಿ ಕುಳಿತು ವಿಚಾರಣೆ ನಡೆಸಬೇಕಾಯಿತು. ನಮ್ಮ ಹಟ್ಟಿಯ ಚಿನ್ನದ ಗಣಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆಸಿದ್ದೂ ಇದೇ ಕಂಪನಿ.

ಇಂಥ ಅನುಭವದ ನಂತರ, ರಕ್ಷಣೆಯಲ್ಲಿರುವ ರಾಜ್ಯದ ಗಣಿ ಗುತ್ತಿಗೆಗಳನ್ನು ಮೇಲಿನ ಸರ್ಕಾರ ಒಮ್ಮೆ ಪರಿಶೀಲಿಸಲಿ ಎನ್ನುವುದರಲ್ಲಿ ತಪ್ಪೇನಿದೆ? ಮುತ್ತಿನ ವ್ಯಾಪಾರ ಬಿಟ್ಟರೆ ಬೇರೆ ಆದಾಯವಿಲ್ಲದ, ಲಂಡನ್ನಿನ ಷೇರುಪೇಟೆಯ ಪರಿಚಯವಿಲ್ಲದ ಶೇಖರಿಗೆ ಅದು ಅಗತ್ಯವೇ ಆಗಿತ್ತು ಅನ್ನಿಸುತ್ತದೆ.

ಕಡತಪ್ರಿಯ

ಒಳ್ಳೆಯ ಉದಾಹರಣೆ ಕೊಟ್ಟಿದ್ದೀರಿ ಸರ್. ಆದರೆ ಅದು ನಿಮ್ಮ ವಾದಕ್ಕಿಂತ ನನ್ನ ವಾದಕ್ಕೇ ಹೆಚ್ಚು ಒದಗುತ್ತದೆ. ಹೈದರಾಬಾದ್ ಗುತ್ತಿಗೆ ಭಾರತ ಸರ್ಕಾರದ ಕಣ್ತಪ್ಪಿಸಿ ಆದದ್ದಲ್ಲ. ಅದರ ಒಪ್ಪಿಗೆ ಪಡೆದ ಮೇಲೆಯೇ ಆದದ್ದು. ಹೈದರಾಬಾದಿನಲ್ಲಿ ರೆಸಿಡೆಂಟರಿದ್ದರು, ಕಡತ ಅವರ ಮೇಜಿನ ಮೇಲಿಂದಲೇ ಹಾದುಹೋಗಿತ್ತು. ಒಪ್ಪಿಗೆ ಎಂಬುದು ನಿಜಾಮರ ಬೊಕ್ಕಸವನ್ನು ಕಾಯಲಿಲ್ಲ, ಏಕೆಂದರೆ ಗುತ್ತಿಗೆ ಯಾರ ಕೈಗೆ ಹೋಗುತ್ತಿದೆ ಎಂಬುದನ್ನು ನೋಡುವಷ್ಟು ಶ್ರದ್ಧೆಯಿಂದ ಅದು ಯಾವ ಬೆಲೆಗೆ ಹೋಗುತ್ತಿದೆ ಎಂಬುದನ್ನು ಯಾರೂ ನೋಡಲಿಲ್ಲ.

ಕೊಲ್ಲಿಯಲ್ಲಿ ಈ ಸಮಸ್ಯೆ ಇನ್ನಷ್ಟು ತೀವ್ರವಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರ 22 ಲಕ್ಷ ಪೌಂಡ್ ಕೊಟ್ಟು ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಬಹುಪಾಲು ಷೇರುಗಳನ್ನು ಕೊಂಡಿತು. ಮುಂದೆ ಕುವೈತ್‌ನ ಗುತ್ತಿಗೆಗೆ ಅರ್ಜಿ ಹಾಕಿದ್ದು ಇದೇ ಕಂಪನಿ. ಅಂದರೆ ಅರ್ಜಿಗಳನ್ನು ತೂಗಿ ನೋಡಿ ಶೇಖರಿಗೆ ಸಲಹೆ ಕೊಡಬೇಕಾದ ಸರ್ಕಾರವೇ ಅರ್ಜಿದಾರರಲ್ಲಿ ಒಬ್ಬರ ಒಡೆತನ ಹೊಂದಿತ್ತು. ಪೊಲಿಟಿಕಲ್ ಏಜೆಂಟರು ವೈಯಕ್ತಿಕವಾಗಿ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅವರು ಕೊಡುವ ಸಲಹೆಯನ್ನು ಹಿತೈಷಿಯ ಸಲಹೆಯೆಂದು ಶೇಖರು ಹೇಗೆ ನಂಬಬೇಕು? ದಲ್ಲಾಳಿಗಳಿಂದ ರಕ್ಷಣೆ ಬೇಕಿತ್ತು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಈ ವ್ಯವಸ್ಥೆ ಆ ರಕ್ಷಣೆಯನ್ನು ಕೊಡುವಂತೆ ರಚನೆಯಾಗಿರಲಿಲ್ಲ.

ಹಾಗೆಯೇ ಯಾರಾದರೂ ಕೋಲಾರದ ಮಾತನ್ನು ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಮೈಕಲ್ ಲವೆಲ್ ಅವರಿಗೆ ಕೋಲಾರದಲ್ಲಿ ಗಣಿಯ ಹಕ್ಕು ಸಿಕ್ಕಿದ್ದು 1875ರಲ್ಲಿ. ಆಗ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಅರಸರಿಗೆ ರಾಜ್ಯ ಮರಳಿ ಬಂದದ್ದು 1881ರಲ್ಲಿ. ಹಾಗಾಗಿ ಕೊಡುವವರೂ ಒಪ್ಪುವವರೂ ಒಬ್ಬರೇ ಆಗಿದ್ದ ಕೋಲಾರವನ್ನು ಈ ಚರ್ಚೆಯ ಅಳತೆಗೋಲಾಗಿ ಬಳಸುವುದು ಕಷ್ಟ.

ಮನಾಮಾ ನಿವಾಸಿ

ನಾನು ಬಹ್ರೇನ್‌ನಲ್ಲಿ ಕೆಲಸ ಮಾಡುತ್ತಿರುವವಳು. ದ್ವೀಪದ ಅತ್ಯಂತ ಎತ್ತರದ ಜಾಗವಾದ ಜೆಬೆಲ್ ದುಖಾನ್‌ನ ಬುಡದಲ್ಲಿ, 1932ರಲ್ಲಿ ತೈಲ ಚಿಮ್ಮಿದ ಮೊದಲ ಬಾವಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ, ಪಕ್ಕದಲ್ಲೇ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿಗೆ ಹೋದವರಿಗೆ ಕಂಪನಿಯ ಕಥೆ ಸಿಗುತ್ತದೆ, ಕಡತಪ್ರಿಯ ಅವರು ಹೇಳುತ್ತಿರುವ ಒಪ್ಪಿಗೆಯ ಕಥೆ ಹೆಚ್ಚು ಸಿಗುವುದಿಲ್ಲ. ಅಮೆರಿಕದ ಕಂಪನಿಯೊಂದು ಕೆನಡಾದಲ್ಲಿ ನೋಂದಣಿಯಾಗಿ ಬಹ್ರೇನ್‌ಗೆ ಬಂದದ್ದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೀರಾ? ಇಲ್ಲಿನ ಭಾರತೀಯರಲ್ಲಿ ಬಹಳ ಮಂದಿಗೆ ಆ ಸಂಗತಿಯೇ ಗೊತ್ತಿಲ್ಲ.

ಕಡತಪ್ರಿಯ

ಖಂಡಿತ ಮೇಡಂ. ಫ್ರಾಂಕ್ ಹೋಮ್ಸ್ ಎಂಬ ನ್ಯೂಜಿಲೆಂಡಿನ ಗಣಿ ಎಂಜಿನಿಯರ್ ಲಂಡನ್ನಿನ ಈಸ್ಟರ್ನ್ ಅಂಡ್ ಜನರಲ್ ಸಿಂಡಿಕೇಟ್ ಪರವಾಗಿ ಕೊಲ್ಲಿಯಲ್ಲಿ ಓಡಾಡುತ್ತಿದ್ದರು. ಅವರು ಬಹ್ರೇನ್‌ನಲ್ಲಿ ಮೊದಲು ತೆಗೆದದ್ದು ಸಿಹಿನೀರಿನ ಬಾವಿಗಳನ್ನು. ಉಪ್ಪುನೀರಿನ ದ್ವೀಪದಲ್ಲಿ ಅದು ಗಳಿಸಿಕೊಟ್ಟ ವಿಶ್ವಾಸ ದೊಡ್ಡದು. 1925ರ ಡಿಸೆಂಬರ್ 2ರಂದು ಶೇಖ್ ಹಮದ್ ಬಿನ್ ಈಸಾ ಅವರಿಂದ ತೈಲದ ಹಕ್ಕು ಸಿಕ್ಕಿತು. ಹೊರತೆಗೆಯುವ ಹಂತ ಬಂದರೆ ಒಂದು ಲಕ್ಷ ಎಕರೆಯ ಗುತ್ತಿಗೆ, ರಾಜಧನ ಟನ್ನಿಗೆ ಮೂರು ರೂಪಾಯಿ ಎಂಟಾಣೆ. ಆಗ ಕೊಲ್ಲಿಯಲ್ಲಿ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. ಬುಶೆಹ್ರ್‌ನಲ್ಲಿದ್ದ ಪೊಲಿಟಿಕಲ್ ರೆಸಿಡೆಂಟರೂ ಬಹ್ರೇನ್‌ನಲ್ಲಿದ್ದ ಪೊಲಿಟಿಕಲ್ ಏಜೆಂಟರೂ ಭಾರತ ಸರ್ಕಾರದ ಸೇವೆಗೆ ಸೇರಿದವರು.

ಆ ಗುತ್ತಿಗೆಯಲ್ಲಿ, ರೆಸಿಡೆಂಟರ ಸಲಹೆಯಂತೆ ಶೇಖರು ಒಪ್ಪದ ಹೊರತು ಹಕ್ಕನ್ನು ಮೂರನೆಯವರಿಗೆ ವರ್ಗಾಯಿಸುವಂತಿಲ್ಲ ಎಂಬ ಷರತ್ತು ಇತ್ತು. ಸಿಂಡಿಕೇಟಿನ ಬಳಿ ಬಾವಿ ಕೊರೆಯುವಷ್ಟು ಹಣವಿರಲಿಲ್ಲ, ಬ್ರಿಟಿಷ್ ತೈಲ ಕಂಪನಿಗಳಿಗೆ ಬಹ್ರೇನ್‌ನಲ್ಲಿ ತೈಲ ಸಿಗುತ್ತದೆಂಬ ನಂಬಿಕೆಯೂ ಇರಲಿಲ್ಲ. ಕೊನೆಗೆ 1927ರ ನವೆಂಬರ್‌ನಲ್ಲಿ ಅಮೆರಿಕದ ಗಲ್ಫ್ ಕಂಪನಿ ಮುಂದೆ ಬಂತು. ಆದರೆ 1928ರ ಜುಲೈನಲ್ಲಿ ಆದ ಕೆಂಪುಗೆರೆ ಒಪ್ಪಂದದ ಪ್ರಕಾರ, ಹಳೆಯ ಆಟೋಮನ್ ಸಾಮ್ರಾಜ್ಯದ ಎಲ್ಲೆಯೆಂದು ಎಳೆದ ಗೆರೆಯೊಳಗೆ ಇರಾಕಿನ ತೈಲದಲ್ಲಿ ಪಾಲುದಾರರಾದ ಕಂಪನಿಗಳು (ಗಲ್ಫ್ ಕೂಡ ಅವುಗಳಲ್ಲಿ ಒಂದು) ಬಿಡಿಬಿಡಿಯಾಗಿ ಗುತ್ತಿಗೆ ಹಿಡಿಯುವಂತಿರಲಿಲ್ಲ. ಬಹ್ರೇನ್ ಆ ಗೆರೆಯ ಒಳಗೆ ಬಿತ್ತು, ಕುವೈತ್ ಹೊರಗೆ ಉಳಿಯಿತು. ಗಲ್ಫ್ ಕಂಪನಿ ಬಹ್ರೇನ್‌ನ ಹಕ್ಕನ್ನು ಅದೇ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್‌ಗೆ ಬಿಟ್ಟುಕೊಟ್ಟಿತು.

ಈ ಹಂತದಲ್ಲಿ ಲಂಡನ್ ಎಚ್ಚೆತ್ತುಕೊಂಡಿತು. ಕಂಪನಿ ಬ್ರಿಟಿಷ್ ಆಗಿರಬೇಕು, ನಿರ್ದೇಶಕರಲ್ಲಿ ಹೆಚ್ಚಿನವರು ಬ್ರಿಟಿಷ್ ಪ್ರಜೆಗಳಾಗಿರಬೇಕು ಎಂಬ ರಾಷ್ಟ್ರೀಯತೆಯ ಷರತ್ತನ್ನು ವಸಾಹತು ಇಲಾಖೆ ಮುಂದಿಟ್ಟಿತು. 1929ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಮಧ್ಯೆ ಬಂತು. ಪತ್ರವ್ಯವಹಾರ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದು, 1930ರ ಆಗಸ್ಟ್‌ನಲ್ಲಿ ಗುತ್ತಿಗೆಯ ವರ್ಗಾವಣೆಗೆ ದಾರಿಯಾಯಿತು. ಗುತ್ತಿಗೆ ಹಿಡಿಯುವ ಬಹ್ರೇನ್ ಪೆಟ್ರೋಲಿಯಂ ಕಂಪನಿ (ಸ್ಟ್ಯಾಂಡರ್ಡ್ ಆಯಿಲ್ ಇದಕ್ಕೆಂದೇ ಸ್ಥಾಪಿಸಿದ ಅಂಗಸಂಸ್ಥೆ) ಕೆನಡಾದಲ್ಲಿ ನೋಂದಣಿಯಾಗಬೇಕು, ಏಕೆಂದರೆ ಕೆನಡಾ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದರಿಂದ ಅದು ಹೆಸರಿಗಾದರೂ ಬ್ರಿಟಿಷ್ ಕಂಪನಿ ಎನಿಸುತ್ತಿತ್ತು. ಐವರು ನಿರ್ದೇಶಕರಲ್ಲಿ ಒಬ್ಬರು ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಗೆಯಾದ ಬ್ರಿಟಿಷ್ ಪ್ರಜೆಯಾಗಿರಬೇಕು. ಬಹ್ರೇನ್‌ನಲ್ಲಿ ಒಬ್ಬ ಮುಖ್ಯ ಸ್ಥಳೀಯ ಪ್ರತಿನಿಧಿ ಇರಬೇಕು, ಅವರ ನೇಮಕಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಆ ಪ್ರತಿನಿಧಿ ಶೇಖರೊಡನೆ ನಡೆಸುವ ವ್ಯವಹಾರವೆಲ್ಲ ಪೊಲಿಟಿಕಲ್ ಏಜೆಂಟರ ಮೂಲಕವೇ ಸಾಗಬೇಕು.

ಈ ಷರತ್ತುಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಷೇರುಗಳಿರಲಿ, ಲಾಭವಿರಲಿ, ತೈಲದ ಮಾರಾಟವಿರಲಿ, ಎಲ್ಲವೂ ಅಮೆರಿಕನ್ನರಿಗೆ ಹೋಯಿತು. ಲಂಡನ್ ಉಳಿಸಿಕೊಂಡದ್ದು ಶೇಖರ ಬಾಗಿಲಿನ ಕೀಲಿಯನ್ನು. ಮೊದಲ ಮುಖ್ಯ ಪ್ರತಿನಿಧಿಯಾಗಿ ಬಂದವರು ಹೋಮ್ಸ್ ಅವರೇ.

ನಿವೃತ್ತ ಭೂವಿಜ್ಞಾನಿ

ಇಷ್ಟು ಹಟ ಹಿಡಿದ ಸರ್ಕಾರ ರಾಷ್ಟ್ರೀಯತೆಯ ಷರತ್ತನ್ನು ಕೈಬಿಟ್ಟದ್ದೇಕೆ? ಭೂವಿಜ್ಞಾನದ ಕಡೆಯಿಂದ ನೋಡಿದರೆ ನನಗೆ ಕಾಣುವ ಕಾರಣ ಸರಳ. ಬಹ್ರೇನ್‌ನಲ್ಲಿ ತೈಲವಿಲ್ಲವೆಂದು ಬ್ರಿಟಿಷ್ ಪರಿಣತರು ಬಹುಮಟ್ಟಿಗೆ ತೀರ್ಮಾನಿಸಿಬಿಟ್ಟಿದ್ದರು. ಪರ್ಷಿಯಾದಲ್ಲಿ ತೈಲ ಕೊಟ್ಟಿದ್ದ ಸುಣ್ಣಕಲ್ಲಿನ ಪದರ ಅರಬ್ ತೀರದಲ್ಲಿ ಅದೇ ಗುಣದಲ್ಲಿ ಸಿಗುವುದಿಲ್ಲ ಎಂಬುದು ಅವರ ಲೆಕ್ಕ. ತೈಲ ಸಿಕ್ಕಿದ್ದು ಅದಕ್ಕಿಂತ ಬಹಳ ಹಳೆಯದಾದ ಕ್ರಿಟೇಶಿಯಸ್ ಕಾಲದ ಪದರದಲ್ಲಿ. ಸುಮಾರು 2,000 ಅಡಿ ಆಳದಲ್ಲಿ ಆ ತೈಲ ಕಂಡಮೇಲೆ ಕೊಲ್ಲಿಯ ಇಡೀ ಪಶ್ಚಿಮ ತೀರದ ಬೆಲೆಯೇ ಬದಲಾಯಿತು. ಬೆಲೆಯಿಲ್ಲವೆಂದು ಭಾವಿಸಿದ ನೆಲದ ವಿಚಾರದಲ್ಲಿ ಅಮೆರಿಕದೊಡನೆ ಮನಸ್ತಾಪ ಬೆಳೆಸಿಕೊಳ್ಳಲು ಯಾರು ಇಷ್ಟಪಡುತ್ತಾರೆ?

ಕಡತಪ್ರಿಯ

ಇದು ಮುಖ್ಯ ಕಾರಣ ಎಂಬುದನ್ನು ಒಪ್ಪುತ್ತೇನೆ ಸರ್. ಜೊತೆಗೆ ಇನ್ನೆರಡು ಸೇರಿಸಬಹುದು. ಎಲ್ಲ ದೇಶಗಳ ಕಂಪನಿಗಳಿಗೂ ಸಮಾನ ಅವಕಾಶವಿರಬೇಕೆಂಬ ತೆರೆದ ಬಾಗಿಲಿನ ನೀತಿಯನ್ನು ಅಮೆರಿಕ ಇರಾಕಿನ ವಿಚಾರದಲ್ಲಿ ಆಗಲೇ ಒತ್ತಿ ಹೇಳಿ ಗೆದ್ದಿತ್ತು. ಒಂದು ಕಡೆ ಒಪ್ಪಿ ಇನ್ನೊಂದು ಕಡೆ ಬಾಗಿಲು ಹಾಕುವುದು ಸುಲಭವಿರಲಿಲ್ಲ. ಎರಡನೆಯದು, ಲಂಡನ್ನಿನ ಇಲಾಖೆಗಳಲ್ಲೇ ಒಮ್ಮತವಿರಲಿಲ್ಲ. ನೌಕಾ ಇಲಾಖೆಗೆ ಯುದ್ಧಕಾಲದ ತೈಲದ ಚಿಂತೆ, ವಿದೇಶಾಂಗ ಇಲಾಖೆಗೆ ಅಮೆರಿಕದ ಚಿಂತೆ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿಗೆ ಕೊಲ್ಲಿಯಲ್ಲಿ ತನ್ನ ಏಜೆಂಟರ ಮಾತು ನಡೆಯಬೇಕೆಂಬ ಚಿಂತೆ. ಕೊನೆಗೆ ಉಳಿದ ಷರತ್ತುಗಳನ್ನು ನೋಡಿದರೆ ಇಂಡಿಯಾ ಆಫೀಸಿನ ಚಿಂತೆಗೆ ಹೆಚ್ಚು ಬೆಲೆ ಸಿಕ್ಕಿತೆಂದು ನನಗೆ ಅನ್ನಿಸುತ್ತದೆ.

ಮನಾಮಾ ನಿವಾಸಿ

ವಿವರವಾಗಿ ಬರೆದದ್ದಕ್ಕೆ ಧನ್ಯವಾದ. ಇಲ್ಲಿ ಇನ್ನೊಂದು ಷರತ್ತನ್ನು ನೆನಪಿಸಬೇಕು, ಏಕೆಂದರೆ ಅದು ನೇರವಾಗಿ ನಮ್ಮವರಿಗೆ ಸಂಬಂಧಿಸಿದ್ದು. ಕೆಲಸದ ದಕ್ಷತೆಗೆ ಕುಂದು ಬಾರದಂತೆ ಕಂಪನಿಯ ನೌಕರರು ಆದಷ್ಟೂ ಬ್ರಿಟಿಷ್ ಅಥವಾ ಬಹ್ರೇನಿ ಪ್ರಜೆಗಳಾಗಿರಬೇಕು ಎಂಬ ಮಾತು ಆ ಒಪ್ಪಂದದಲ್ಲಿತ್ತು. ಆ ಕಾಲದಲ್ಲಿ ಭಾರತೀಯರು ಬ್ರಿಟಿಷ್ ಪ್ರಜೆಗಳು. ಹಾಗಾಗಿ ಗುಮಾಸ್ತರು, ಫಿಟ್ಟರುಗಳು, ಚಾಲಕರು ಬೇಕಾದಾಗ ಕಂಪನಿ ಭಾರತದಿಂದ ಜನರನ್ನು ಕರೆತಂದರೆ ಷರತ್ತೂ ಈಡೇರಿತು, ಸಂಬಳದ ಖರ್ಚೂ ತಗ್ಗಿತು. ಇನ್ನೊಂದೆಡೆ, ಪರ್ಷಿಯಾ ಬಹ್ರೇನ್ ತನ್ನದೆಂದು ಹಕ್ಕು ಸಾಧಿಸುತ್ತಿದ್ದ ಕಾರಣ, ಎದುರು ತೀರದಿಂದ ಬಂದು ಸೇರುತ್ತಿದ್ದ ಪರ್ಷಿಯನ್ ಕಾರ್ಮಿಕರನ್ನು ದೂರವಿಡಲು ಬ್ರಿಟಿಷ್ ಅಧಿಕಾರಿಗಳು ಒತ್ತಡ ತಂದರು.

ಇದರ ಪರಿಣಾಮ ಸ್ಥಳೀಯರಿಗೆ ಸಿಹಿಯಾಗಿರಲಿಲ್ಲ. 1938ರಲ್ಲಿ ಬಹ್ರೇನ್‌ನಲ್ಲಿ ಸುಧಾರಣೆಗಾಗಿ ಚಳವಳಿ ಎದ್ದಾಗ, ತೈಲ ಕಂಪನಿಯಲ್ಲಿ ಹೊರಗಿನವರಿಗಿಂತ ಬಹ್ರೇನಿಗಳಿಗೆ ಮೊದಲ ಅವಕಾಶ ಸಿಗಬೇಕೆಂಬುದೂ ಬೇಡಿಕೆಗಳಲ್ಲಿ ಒಂದಾಗಿತ್ತು. ಕೊಲ್ಲಿಗೆ ಭಾರತೀಯರ ವಲಸೆಯನ್ನು 1970ರ ದಶಕದ ತೈಲ ಬೆಲೆ ಏರಿಕೆಯಿಂದ ಆರಂಭಿಸಿ ಹೇಳುವವರು ಈ ಹಳೆಯ ಷರತ್ತನ್ನು ಗಮನಿಸಬೇಕು. ಸಾಮ್ರಾಜ್ಯ ಅಮೆರಿಕದ ಕಂಪನಿಯೊಂದರ ಮೇಲೆ ಹೇರಿದ ಷರತ್ತು ನಮ್ಮ ಜನರಿಗೆ ಇಲ್ಲಿ ದಾರಿ ತೆರೆಯಿತು ಎಂಬುದನ್ನು ನಾನು ಸಂತೋಷದಿಂದಲೇ ಹೇಳುತ್ತಿದ್ದೇನೆ ಎಂದು ದಯವಿಟ್ಟು ಭಾವಿಸಬೇಡಿ. ಅದೇ ಷರತ್ತಿನಿಂದ ಈ ಮಣ್ಣಿನ ಮಕ್ಕಳು ತಮ್ಮ ನೆಲದ ಉದ್ಯಮದಲ್ಲಿ ಹಿಂದೆ ಬಿದ್ದರು ಎಂಬುದೂ ಅಷ್ಟೇ ನಿಜ.

ಕಾನೂನು ವಿದ್ಯಾರ್ಥಿನಿ

ಕುವೈತ್‌ನ ವಿಷಯಕ್ಕೆ ಬರೋಣ, ಏಕೆಂದರೆ ಕಾನೂನಿನ ದೃಷ್ಟಿಯಿಂದ ನನಗೆ ಅದು ಹೆಚ್ಚು ಕುತೂಹಲಕರವಾಗಿ ಕಾಣುತ್ತದೆ. ಶೇಖ್ ಅಹ್ಮದ್ ಅಲ್-ಜಾಬಿರ್ 1934ರ ಡಿಸೆಂಬರ್ 23ರಂದು ಕುವೈತ್ ಆಯಿಲ್ ಕಂಪನಿಗೆ 75 ವರ್ಷಗಳ ಗುತ್ತಿಗೆ ಬರೆದುಕೊಟ್ಟರು. ಸಹಿಯ ಹೊತ್ತಿಗೆ 4,75,000 ರೂಪಾಯಿ, ತೈಲ ಸಿಗುವವರೆಗೆ ವರ್ಷಕ್ಕೆ 95,000 ರೂಪಾಯಿ, ಸಿಕ್ಕಿದ ಮೇಲೆ ಟನ್ನಿಗೆ ಮೂರು ರೂಪಾಯಿ ರಾಜಧನ ಮತ್ತು ವರ್ಷಕ್ಕೆ ಕನಿಷ್ಠ 2,50,000 ರೂಪಾಯಿ ಎಂದು ಗೊತ್ತಾಯಿತು. ಎಲ್ಲರೂ ಉಲ್ಲೇಖಿಸುವ ದಾಖಲೆ ಇದು.

ಆದರೆ ಅದಕ್ಕೆ ಒಂಬತ್ತು ತಿಂಗಳು ಮೊದಲು, 1934ರ ಮಾರ್ಚ್ 4ರಂದು, ಬ್ರಿಟಿಷ್ ಸರ್ಕಾರ ಮತ್ತು ಕಂಪನಿಯ ನಡುವೆ ಇನ್ನೊಂದು ಒಪ್ಪಂದವಾಗಿತ್ತು. ಅದನ್ನು ರಾಜಕೀಯ ಒಪ್ಪಂದ ಎನ್ನುತ್ತಾರೆ. ಶೇಖರು ಅದರಲ್ಲಿ ಕಕ್ಷಿದಾರರೇ ಅಲ್ಲ. ಕಂಪನಿ ಬ್ರಿಟಿಷ್ ಕಂಪನಿಯಾಗಿಯೇ ಉಳಿಯಬೇಕು, ಹಕ್ಕನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ವರ್ಗಾಯಿಸಬಾರದು, ಮುಖ್ಯ ಸ್ಥಳೀಯ ಪ್ರತಿನಿಧಿಯ ನೇಮಕಕ್ಕೆ ಅನುಮತಿ ಬೇಕು, ದಿನನಿತ್ಯದ ವಾಣಿಜ್ಯ ವಿಷಯಗಳನ್ನು ಬಿಟ್ಟು ಉಳಿದೆಲ್ಲವೂ ಪೊಲಿಟಿಕಲ್ ಏಜೆಂಟರ ಮೂಲಕ ಹೋಗಬೇಕು, ತುರ್ತು ಪರಿಸ್ಥಿತಿಯಲ್ಲಿ ತೈಲವನ್ನು ಮೊದಲು ಕೊಳ್ಳುವ ಹಕ್ಕು ಬ್ರಿಟಿಷ್ ಸರ್ಕಾರಕ್ಕೆ ಇರಬೇಕು. ಎರಡು ದಾಖಲೆಗಳ ನಡುವೆ ವಿರೋಧ ಬಂದರೆ ಈ ರಾಜಕೀಯ ಒಪ್ಪಂದದ ಮಾತೇ ನಿಲ್ಲಬೇಕು.

ಶೇಖರು ತಮ್ಮ ನೆಲದ ಬಗ್ಗೆ ಬರೆದುಕೊಟ್ಟ ಪತ್ರದ ಮೇಲೆ, ಅವರು ಸಹಿಯನ್ನೇ ಹಾಕದ ಇನ್ನೊಂದು ಪತ್ರ ಕುಳಿತಿತ್ತು ಎಂಬುದನ್ನು ಗಮನಿಸಿ. ಖಾಸಗಿ ಒಪ್ಪಂದಗಳ ಕಾನೂನಿನಲ್ಲಿ ಇದನ್ನು ಯಾವ ನ್ಯಾಯಾಲಯವೂ ಸುಲಭವಾಗಿ ಒಪ್ಪುವುದಿಲ್ಲ. ರಕ್ಷಿತ ರಾಜ್ಯದ ಸ್ಥಿತಿಯಲ್ಲಿ ಅದು ಸಹಜವೆಂಬಂತೆ ನಡೆದುಹೋಯಿತು. ನನ್ನ ಪ್ರಶ್ನೆ ಇದು: ಶೇಖ್ ಅಹ್ಮದ್ ಅವರಿಗೆ ಚೌಕಾಸಿಗೆ ಯಾವ ಅವಕಾಶವೂ ಇರಲಿಲ್ಲವೇ?

ಕಡತಪ್ರಿಯ

ಬಹಳ ಮುಖ್ಯವಾದ ಪ್ರಶ್ನೆಯಿದು. ಅವಕಾಶ ಇತ್ತು, ಅವರು ಅದನ್ನು ಬಳಸಿಕೊಂಡರು ಕೂಡ. ಹೋಮ್ಸ್ 1923ರಿಂದಲೇ ಕುವೈತ್‌ಗಾಗಿ ಪ್ರಯತ್ನಿಸುತ್ತಿದ್ದರು, ಮುಂದೆ ಅವರ ಹಿಂದೆ ಗಲ್ಫ್ ಕಂಪನಿ ನಿಂತಿತು. ಆಂಗ್ಲೋ-ಪರ್ಷಿಯನ್ ಇನ್ನೊಂದು ಕಡೆ. ಶೇಖ್ ಅಹ್ಮದ್ ಯಾರಿಗೂ ಇಲ್ಲವೆನ್ನದೆ, ಯಾರಿಗೂ ಹೂಂ ಎನ್ನದೆ, ವರ್ಷಗಟ್ಟಲೆ ಇಬ್ಬರನ್ನೂ ಕಾಯಿಸಿದರು. ಅವರ ಕಷ್ಟದ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ. ಜಪಾನಿನ ಕೃಷಿ ಮುತ್ತುಗಳಿಂದಲೂ ಜಾಗತಿಕ ಆರ್ಥಿಕ ಕುಸಿತದಿಂದಲೂ ಮುತ್ತಿನ ವ್ಯಾಪಾರ ನೆಲಕಚ್ಚಿತ್ತು, ಮುಂದೆ ಸೌದಿ ಅರೇಬಿಯಾ ಎನಿಸಿದ ನೆರೆಯ ರಾಜ್ಯದ ದೊರೆ ಇಬ್ನ್ ಸೌದ್ ಅವರು ಹೇರಿದ ದಿಗ್ಬಂಧನದಿಂದ ಒಳನಾಡಿನ ವ್ಯಾಪಾರವೂ ನಿಂತಿತ್ತು.

1932ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರ್ಕಾರ ಕುವೈತ್‌ನಲ್ಲಿಯೂ ರಾಷ್ಟ್ರೀಯತೆಯ ಷರತ್ತಿಗೆ ಪಟ್ಟು ಹಿಡಿಯುವುದಿಲ್ಲವೆಂದು ಅಮೆರಿಕಕ್ಕೆ ತಿಳಿಸಿತು. ಆ ಹೊತ್ತಿಗೆ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿ ಬಂದಿದ್ದವರು ಆಂಡ್ರ್ಯೂ ಮೆಲನ್. ಗಲ್ಫ್ ಕಂಪನಿ ಅವರ ಕುಟುಂಬದ ಹಿಡಿತದಲ್ಲಿತ್ತು. ಹೀಗೆ ಎರಡೂ ಕಡೆ ಸರ್ಕಾರ ಮತ್ತು ಕಂಪನಿಗಳ ನಡುವಿನ ಗೆರೆ ಅಳಿಸಿಹೋಗಿತ್ತು. ಷರತ್ತು ಬಿಟ್ಟರೂ, ಬಂದ ಕರಡುಗಳನ್ನು ತಾನು ಪರಿಶೀಲಿಸಿ ಶೇಖರಿಗೆ ಸಲಹೆ ಕೊಡುತ್ತೇನೆ ಎಂಬ ಹಕ್ಕನ್ನು ಲಂಡನ್ ಉಳಿಸಿಕೊಂಡಿತು. ಆ ಪರಿಶೀಲನೆಯೇ ತಿಂಗಳುಗಟ್ಟಲೆ ಹಿಡಿಯಿತು.

ಶೇಖರ ಬಲ ಕುಸಿದದ್ದು 1933ರ ಡಿಸೆಂಬರ್‌ನಲ್ಲಿ. ಇಬ್ಬರು ಸ್ಪರ್ಧಿಗಳೂ ಅರ್ಧರ್ಧ ಪಾಲಿನ ಒಪ್ಪಂದ ಮಾಡಿಕೊಂಡು, ಮರುವರ್ಷ ಫೆಬ್ರುವರಿಯಲ್ಲಿ ಕುವೈತ್ ಆಯಿಲ್ ಕಂಪನಿಯನ್ನು ಸ್ಥಾಪಿಸಿದರು. ಇಬ್ಬರು ಕೊಳ್ಳುವವರಿದ್ದ ಸಂತೆಯಲ್ಲಿ ಒಬ್ಬರೇ ಉಳಿದರು. 1934ರಲ್ಲಿ ಟ್ರೇಡರ್ಸ್ ಲಿಮಿಟೆಡ್ ಎಂಬ ಬ್ರಿಟಿಷ್ ಕಂಪನಿ ಮೂರನೆಯ ಸ್ಪರ್ಧಿಯಾಗಿ ಕಾಣಿಸಿಕೊಂಡಾಗ ಶೇಖರಿಗೆ ಮತ್ತೆ ಸ್ವಲ್ಪ ಬಲ ಬಂತು, ಆದರೆ ಒಪ್ಪಿಗೆಯ ಅಧಿಕಾರ ಮೇಲಿನವರ ಕೈಯಲ್ಲಿದ್ದಾಗ ಅಂಥ ಹೊಸಬರು ಹೆಚ್ಚು ದೂರ ಹೋಗುವಂತಿರಲಿಲ್ಲ.

ರಾಯಚೂರಿನ ಓದುಗ

ಹಾಗಾದರೆ ಒಪ್ಪಿಗೆಯ ಷರತ್ತು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಳೆಯಲು ಯಾವುದಾದರೂ ಹೋಲಿಕೆ ಇದೆಯೇ? ಬರಿಯ ಊಹೆಯ ಮೇಲೆ ತೀರ್ಪು ಕೊಡುವುದು ನನಗೆ ಸಮ್ಮತವಲ್ಲ.

ನಿವೃತ್ತ ಭೂವಿಜ್ಞಾನಿ

ಹೋಲಿಕೆ ಪಕ್ಕದಲ್ಲೇ ಇದೆ. ಇಬ್ನ್ ಸೌದ್ ಅವರು 1915ರ ಒಪ್ಪಂದದಂತೆ ಬ್ರಿಟಿಷರ ಒಪ್ಪಿಗೆಯಿಲ್ಲದೆ ಗುತ್ತಿಗೆ ಕೊಡುವಂತಿರಲಿಲ್ಲ. 1922ರ ಉಕೈರ್ ಸಭೆಯಲ್ಲಿ ಹೋಮ್ಸ್ ಬಹ್ರೇನ್ ಎದುರಿನ ತೀರದ ಅಲ್-ಹಸಾ ಪ್ರಾಂತ್ಯದ ಗುತ್ತಿಗೆ ಕೇಳಿದಾಗ ಪರ್ಸಿ ಕಾಕ್ಸ್ ತಡೆಹಿಡಿಸಿದ್ದು ಇದೇ ಬಲದಿಂದ. ಮರುವರ್ಷ ಹೋಮ್ಸ್‌ಗೆ ಅದು ಸಿಕ್ಕಿತು, ಹಣವಿಲ್ಲದೆ ನಡೆಯಲಿಲ್ಲ. 1927ರ ಜೆದ್ದಾ ಒಪ್ಪಂದದಲ್ಲಿ ಬ್ರಿಟನ್ ಇಬ್ನ್ ಸೌದ್ ಅವರ ಪೂರ್ಣ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು, ಹಳೆಯ ಕಟ್ಟುಪಾಡು ಬಿದ್ದುಹೋಯಿತು. 1933ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾಂಡರ್ಡ್ ಆಯಿಲ್ ಜೆದ್ದಾಕ್ಕೆ ಬಂದು, ಅವರ ಹಣಕಾಸು ಮಂತ್ರಿ ಅಬ್ದುಲ್ಲಾ ಸುಲೈಮಾನ್ ಅವರೊಡನೆ ನೇರವಾಗಿ ಮಾತನಾಡಿ ಸಹಿ ಮಾಡಿಸಿಕೊಂಡಿತು. ಬಹ್ರೇನ್‌ನಲ್ಲಿ ಪೊಲಿಟಿಕಲ್ ಏಜೆಂಟರ ಮೂಲಕವಲ್ಲದೆ ಶೇಖರಿಗೆ ಪತ್ರ ಬರೆಯಲಾಗದಿದ್ದ ಅದೇ ಕಂಪನಿ ಇದು. ಒಂದೇ ಕಂಪನಿ, ಒಂದೇ ಕಾಲ, ಸಮುದ್ರದ ಸಣ್ಣ ತುಂಡೊಂದರ ಎರಡು ದಡ. ಹಣದ ಮೊತ್ತಕ್ಕಿಂತ ಈ ವ್ಯತ್ಯಾಸವೇ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಎನ್ನುತ್ತೇನೆ.

ಕಾನೂನು ವಿದ್ಯಾರ್ಥಿನಿ

ಇದಕ್ಕೆ ಕತಾರ್ ಅನ್ನೂ ಸೇರಿಸಬಹುದು. 1935ರ ಮೇ ತಿಂಗಳಲ್ಲಿ ಶೇಖ್ ಅಬ್ದುಲ್ಲಾ ಬಿನ್ ಜಾಸಿಮ್ ಆಂಗ್ಲೋ-ಪರ್ಷಿಯನ್ ಕಂಪನಿಗೆ (ಆ ವೇಳೆಗೆ ಅದರ ಹೆಸರು ಬದಲಾಗುತ್ತಿತ್ತು) ಗುತ್ತಿಗೆ ಕೊಟ್ಟಾಗ, ಭೂಮಾರ್ಗದ ದಾಳಿಯಿಂದ ರಕ್ಷಣೆ ಕೊಡುವ ಭರವಸೆಯನ್ನು ಬ್ರಿಟಿಷ್ ಸರ್ಕಾರ ಅದರೊಡನೆ ಜೋಡಿಸಿತು. ಅಂದರೆ ರಕ್ಷಣೆಯೇ ಗುತ್ತಿಗೆಯ ಬೆಲೆಯ ಒಂದು ಭಾಗವಾಯಿತು. ರಕ್ಷಿತ ರಾಜ್ಯಕ್ಕೆ ರಕ್ಷಣೆ ಹಾಗೆಯೇ ಸಿಗಬೇಕಾದದ್ದಲ್ಲವೇ ಎಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟ.

ಮನಾಮಾ ನಿವಾಸಿ

ಕೊನೆಯದಾಗಿ ಒಂದು ಸಂಶಯ. ಬಹ್ರೇನ್‌ನ ಗುತ್ತಿಗೆ ಒಂದು ಲಕ್ಷ ಎಕರೆಗಷ್ಟೇ ಇತ್ತು ಎಂದಿರಿ. ಉಳಿದ ನೆಲ ಮತ್ತು ಸಮುದ್ರದ ಗತಿ ಏನಾಯಿತು? ಅಲ್ಲಿಯೂ ಲಂಡನ್ನಿನ ಮಾತೇ ನಡೆಯಿತೇ?

ಕಡತಪ್ರಿಯ

ಅಲ್ಲಿ ಪೂರ್ತಿಯಾಗಿ ನಡೆಯಲಿಲ್ಲ, ಹಾಗಾಗಿ ಆ ಪ್ರಕರಣ ಈ ಚರ್ಚೆಗೆ ಬಹಳ ಬೆಲೆಯುಳ್ಳದ್ದು. ಉಳಿದ ಪ್ರದೇಶಕ್ಕಾಗಿ ಬಹ್ರೇನ್ ಪೆಟ್ರೋಲಿಯಂ ಕಂಪನಿ ಒಂದು ಕಡೆ, ಇರಾಕ್ ಪೆಟ್ರೋಲಿಯಂ ಕಂಪನಿಯ ಅಂಗವಾದ ಪೆಟ್ರೋಲಿಯಂ ಕನ್ಸೆಷನ್ಸ್ ಲಿಮಿಟೆಡ್ ಇನ್ನೊಂದು ಕಡೆ ಸ್ಪರ್ಧಿಸಿದವು. ಎರಡನೆಯದರಲ್ಲಿ ಬ್ರಿಟಿಷ್ ಪಾಲು ದೊಡ್ಡದು, ಲಂಡನ್ನಿನ ಒಲವೂ ಅದರ ಕಡೆಗೇ ಇತ್ತು. ಆದರೆ ಶೇಖ್ ಹಮದ್ ಅವರ ನಿಲುವು ಬೇರೆ. ಆಗಲೇ ತೈಲ ತೆಗೆದು, ಶುದ್ಧೀಕರಣ ಘಟಕ ಕಟ್ಟಿ, ತಪ್ಪದೆ ರಾಜಧನ ಕೊಡುತ್ತಿದ್ದ ಕಂಪನಿಯನ್ನು ಅವರು ನಂಬಿದ್ದರು. ಸುಮಾರು ಏಳು ವರ್ಷ ಈ ಎಳೆದಾಟ ನಡೆದು, 1940ರಲ್ಲಿ ಉಳಿದ ಪ್ರದೇಶವೂ ಬಹ್ರೇನ್ ಪೆಟ್ರೋಲಿಯಂ ಕಂಪನಿಗೇ ಸೇರಿತು.

ಇದರಿಂದ ನಾನು ಎರಡು ಸಂಗತಿ ಗ್ರಹಿಸುತ್ತೇನೆ. ಶೇಖರ ಒಪ್ಪಿಗೆ ಕೂಡ ಬೇಕಿದ್ದರಿಂದ, ಅವರು ಬೇಡವೆಂದು ಕುಳಿತುಬಿಟ್ಟರೆ ಅವರ ಮೇಲೆ ಕಂಪನಿಯೊಂದನ್ನು ಹೇರುವುದು ಲಂಡನ್ನಿಗೆ ಮುಜುಗರದ ಕೆಲಸವಾಗಿತ್ತು. ತಡೆಯುವ ಶಕ್ತಿ ಇಬ್ಬರಿಗೂ ಇತ್ತು. ಆರಿಸುವ ಶಕ್ತಿ ಒಂಟಿಯಾಗಿ ಯಾರಿಗೂ ಇರಲಿಲ್ಲ. ಇನ್ನೊಂದು, ಶೇಖರು ಗೆದ್ದ ಆ ಪ್ರಕರಣದಲ್ಲಿಯೂ ಮಾತುಕತೆ ಪೊಲಿಟಿಕಲ್ ಏಜೆಂಟರ ಕಚೇರಿಯ ಮೂಲಕವೇ ಸಾಗಿತು, 1930ರ ಷರತ್ತುಗಳು ಹೊಸ ಪ್ರದೇಶಕ್ಕೂ ಹೋದವು. ಕುವೈತ್ 1899ರ ಒಪ್ಪಂದವನ್ನು 1961ರ ಜೂನ್‌ನಲ್ಲಿ, ಬಹ್ರೇನ್ ತನ್ನ ಒಪ್ಪಂದಗಳನ್ನು 1971ರ ಆಗಸ್ಟ್‌ನಲ್ಲಿ ಕೊನೆಗೊಳಿಸುವವರೆಗೂ ಆ ಏರ್ಪಾಡಿನ ಆಧಾರ ಹಾಗೆಯೇ ಉಳಿದಿತ್ತು. 1938ರಲ್ಲಿ ಕುವೈತ್‌ನ ಶಾಸನ ಸಭೆ ತೈಲದ ಹಣ ಶೇಖರ ಕೈಗಲ್ಲದೆ ಸಭೆಯ ಕೈಗೆ ಬರಬೇಕೆಂದು ಕೇಳಿ, ಆರು ತಿಂಗಳಲ್ಲಿ ವಿಸರ್ಜನೆಗೊಂಡ ಪ್ರಸಂಗ ಪ್ರತ್ಯೇಕ ಚರ್ಚೆಗೆ ತಕ್ಕದ್ದು. ಕಾನೂನು ವಿದ್ಯಾರ್ಥಿನಿಯವರು ಅದನ್ನು ಆರಂಭಿಸಿದರೆ ನನ್ನಲ್ಲಿರುವ ಟಿಪ್ಪಣಿಗಳನ್ನು ಅಲ್ಲಿ ಹಾಕುತ್ತೇನೆ.